ಸುಡೊಕು ಬಿಡಿಸಿದರೆ ಕಚೇರಿಯ ಕೆಲಸ ಚುರುಕಾಗುತ್ತದೆಯೇ?

ಪ್ರಶ್ನೆ: ನಾನು ಬ್ಯಾಂಕೊಂದರ ಸಾಲ ವಿಭಾಗದಲ್ಲಿ ಅಧಿಕಾರಿಯಾಗಿದ್ದೇನೆ, ವಯಸ್ಸು 44. ಬಿಡುವಿನಲ್ಲಿ ಸಣ್ಣಕಥೆಗಳನ್ನು ಬರೆಯುತ್ತೇನೆ. ಮಿದುಳಿಗೆ ದಿನವೂ ಸವಾಲು ಒಡ್ಡಿದರೆ ಕಾರ್ಯಕ್ಷಮತೆಯೂ ಸೃಜನಶೀಲತೆಯೂ ಹೆಚ್ಚುತ್ತವೆ ಎಂದು ಓದಿ, ಒಂದು ವರ್ಷದಿಂದ ಬೆಳಗ್ಗೆ ಒಂದು ಗಂಟೆ ಸುಡೊಕು ಮತ್ತು ಮೊಬೈಲಿನಲ್ಲಿ ಸಿಗುವ ಮಿದುಳು ತರಬೇತಿಯ ಆಟಗಳನ್ನು ಆಡುತ್ತಿದ್ದೇನೆ. ಎಡಗೈಯಲ್ಲಿ ಹಲ್ಲುಜ್ಜುವುದನ್ನೂ ರೂಢಿಸಿಕೊಂಡಿದ್ದೇನೆ. ಆಟದ ಅಂಕಗಳು ಚೆನ್ನಾಗಿ ಏರಿವೆ. ಆದರೆ ಸಾಲದ ಅರ್ಜಿಗೆ ಟಿಪ್ಪಣಿ ಬರೆಯಲು ಮೊದಲಿನಷ್ಟೇ ಹೊತ್ತು ಹಿಡಿಯುತ್ತದೆ, ಹೊಸ ಸುತ್ತೋಲೆಗಳು ನೆನಪಿನಲ್ಲಿ ನಿಲ್ಲುವುದಿಲ್ಲ, ಕಥೆಗಳು ಅರ್ಧಕ್ಕೇ ನಿಲ್ಲುತ್ತವೆ. ಇನ್ನೂ ಕಠಿಣವಾದ ಆಟಗಳಿಗೆ ಹೋಗಬೇಕೇ? 72 ವರ್ಷದ ನನ್ನ ತಂದೆಯವರಿಗೂ ಇವನ್ನು ಹೇಳಿಕೊಡಬಹುದೇ?

ಉತ್ತರ: ಇನ್ನೂ ಕಠಿಣವಾದ ಆಟಗಳಿಗೆ ಹೋಗುವ ಅಗತ್ಯವಿಲ್ಲ. ಉತ್ತರದ ಬಹುಭಾಗ ನಿಮ್ಮ ಪತ್ರದಲ್ಲಿಯೇ ಇದೆ: ಆಟದಲ್ಲಿ ಅಂಕ ಏರಿದೆ, ಕೆಲಸದಲ್ಲಿ ಏನೂ ಬದಲಾಗಿಲ್ಲ. ನಿಮ್ಮ ಶ್ರದ್ಧೆಯಲ್ಲಿ ಕೊರತೆಯಿದ್ದು ಹೀಗಾಯಿತೆಂದು ಭಾವಿಸಬೇಡಿ. ಮನುಷ್ಯನ ಕಲಿಕೆ ನಡೆಯುವ ಬಗೆಯೇ ಹಾಗಿದೆ. ಯಾವುದನ್ನು ಅಭ್ಯಾಸ ಮಾಡುತ್ತೇವೆಯೋ ಅದರಲ್ಲಿ, ಹೆಚ್ಚೆಂದರೆ ಅದಕ್ಕೆ ತೀರ ಹತ್ತಿರವಾದುದರಲ್ಲಿ ಮಾತ್ರ ನಾವು ಪಳಗುತ್ತೇವೆ. ಆದ್ದರಿಂದ ಬೆಳಗಿನ ಆ ಒಂದು ಗಂಟೆಯ ಕಷ್ಟವನ್ನು ಆಟದಿಂದ ತೆಗೆದು ಸಾಲದ ಕಡತದೊಳಕ್ಕೂ ಕಥೆಯೊಳಕ್ಕೂ ಸಾಗಿಸಿ ಎಂಬುದೇ ನನ್ನ ಸಲಹೆ. ಯಾಕೆ, ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ.

ಮಿದುಳೆಂದರೆ ಒಂದು ಮಾಂಸಖಂಡ, ಯಾವ ವ್ಯಾಯಾಮ ಕೊಟ್ಟರೂ ಅದು ಒಟ್ಟಾರೆ ಬಲಗೊಳ್ಳುತ್ತದೆ ಎಂಬ ಕಲ್ಪನೆ ಈ ಆಟಗಳ ಮಾರಾಟದ ಹಿಂದಿದೆ. ಇದನ್ನು ದೊಡ್ಡ ಪ್ರಮಾಣದಲ್ಲಿ ಒರೆಗೆ ಹಚ್ಚಿದ ಅಧ್ಯಯನವೊಂದು 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಏಡ್ರಿಯನ್ ಓವೆನ್ ಮತ್ತು ಸಂಗಡಿಗರು ಬಿಬಿಸಿಯ ವಿಜ್ಞಾನ ಕಾರ್ಯಕ್ರಮವೊಂದರ ಜೊತೆ ಸೇರಿ, 11,430 ಜನರನ್ನು ಆರು ವಾರಗಳ ಕಾಲ ಇಂಥ ತರಬೇತಿಯಲ್ಲಿ ತೊಡಗಿಸಿ, ಮೊದಲೂ ಕೊನೆಗೂ ಅವರ ನೆನಪು, ತರ್ಕ ಇತ್ಯಾದಿಗಳನ್ನು ಅಳೆದರು. ಅಭ್ಯಾಸ ಮಾಡಿದ ಪ್ರತಿಯೊಂದು ಆಟದಲ್ಲಿಯೂ ಜನ ಮುಂದುವರಿದಿದ್ದರು. ಆದರೆ ಅಭ್ಯಾಸ ಮಾಡಿರದ ಪರೀಕ್ಷೆಗಳಿಗೆ, ಅವು ಆ ಆಟಗಳಿಗೆ ಎಷ್ಟೇ ಹತ್ತಿರದವಾಗಿದ್ದರೂ, ಆ ಲಾಭ ಹರಿದುಬಂದಿರಲಿಲ್ಲ. 2016ರ ಜನವರಿಯಲ್ಲಿ, ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್, ‘ಲ್ಯುಮಾಸಿಟಿ’ ಎಂಬ ಜನಪ್ರಿಯ ಆಟಗಳ ಕಂಪನಿ ಕಚೇರಿ ಮತ್ತು ಶಾಲೆಗಳಲ್ಲಿ ಸಾಧನೆ ಹೆಚ್ಚುತ್ತದೆಂದು ತಕ್ಕ ಆಧಾರವಿಲ್ಲದೆ ಜಾಹೀರಾತು ನೀಡಿದೆಯೆಂದು ಆಪಾದಿಸಿತು. ಕಂಪನಿ 20 ಲಕ್ಷ ಡಾಲರ್ ತೆತ್ತು ಇತ್ಯರ್ಥ ಮಾಡಿಕೊಂಡಿತು.

ಹಾಗಾದರೆ ಅಭ್ಯಾಸದಿಂದ ಮಿದುಳು ಬದಲಾಗುವುದೇ ಇಲ್ಲವೇ ಎಂದು ನೀವು ಕೇಳಬಹುದು. ಬದಲಾಗುತ್ತದೆ, ಕೆಲವೊಮ್ಮೆ ನಂಬಲಾಗದಷ್ಟು ಬದಲಾಗುತ್ತದೆ. ಆದರೆ ಆ ಬದಲಾವಣೆ ಬಹಳ ಇಕ್ಕಟ್ಟಾದ ಜಾಗದಲ್ಲಿ ನಡೆಯುತ್ತದೆ. 1980ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ವರದಿಯನ್ನು ನಾನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ. ಆಂಡರ್ಸ್ ಎರಿಕ್ಸನ್ ಮತ್ತು ವಿಲಿಯಂ ಚೇಸ್ ಒಬ್ಬ ಸಾಧಾರಣ ಕಾಲೇಜು ವಿದ್ಯಾರ್ಥಿಗೆ ಅಂಕಿಗಳ ಸಾಲನ್ನು ಒಮ್ಮೆ ಓದಿ ಹೇಳಿ, ಕೂಡಲೇ ಮರಳಿ ಒಪ್ಪಿಸುವ ಅಭ್ಯಾಸ ಮಾಡಿಸಿದರು. ಆರಂಭದಲ್ಲಿ ಅವನು ಎಲ್ಲರಂತೆ ಏಳು ಅಂಕಿ ಒಪ್ಪಿಸುತ್ತಿದ್ದ. 230 ಗಂಟೆಗಳಿಗೂ ಮಿಕ್ಕ ಅಭ್ಯಾಸದ ನಂತರ 79 ಅಂಕಿಗಳನ್ನು ಒಪ್ಪಿಸತೊಡಗಿದ. ಅವನು ದೂರದ ಓಟಗಾರ. ಮೂರು ನಾಲ್ಕು ಅಂಕಿಗಳ ಗುಂಪನ್ನು ಯಾವುದಾದರೂ ಓಟದ ಸಮಯವೆಂದು ಗುರುತಿಟ್ಟುಕೊಳ್ಳುತ್ತಿದ್ದ. ಅಂಕಿಗಳ ಬದಲು ಅಕ್ಷರಗಳನ್ನು ಕೊಟ್ಟಾಗ ಅವನ ನೆನಪು ಆರರ ಆಸುಪಾಸಿಗೆ ಇಳಿಯಿತು. ಅವನ ‘ನೆನಪಿನ ಶಕ್ತಿ’ ಬೆಳೆದಿರಲಿಲ್ಲ. ಓಟದ ಸಮಯಗಳ ಬಗ್ಗೆ ಮೊದಲೇ ಇದ್ದ ತಿಳಿವಳಿಕೆ ಅಂಕಿಗಳನ್ನು ಹಿಡಿದಿಡುವ ಉಪಾಯವಾಗಿತ್ತು.

ನಮ್ಮವರೇ ಆದ ಶಕುಂತಲಾ ದೇವಿಯವರ ಉದಾಹರಣೆ ಇದಕ್ಕಿಂತಲೂ ಬೋಧಪ್ರದ. ಬೆಂಗಳೂರಿನಲ್ಲಿ ಹುಟ್ಟಿದ ಅವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳ ಗುಣಲಬ್ಧವನ್ನು 28 ಸೆಕೆಂಡುಗಳಲ್ಲಿ ಹೇಳಿದ್ದು ಎಲ್ಲರಿಗೂ ಗೊತ್ತು. 1988ರಲ್ಲಿ ಶಕುಂತಲಾ ದೇವಿಯವರನ್ನು ಮನೋವಿಜ್ಞಾನಿ ಆರ್ಥರ್ ಜೆನ್ಸನ್ ಅಮೆರಿಕದ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಿದ್ದು ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ತಾನು ಉತ್ತರವನ್ನು ಬರೆದುಕೊಳ್ಳುವ ಮೊದಲೇ ಅವರು ದೊಡ್ಡ ಸಂಖ್ಯೆಗಳ ಘನಮೂಲ ಹೇಳಿಬಿಡುತ್ತಿದ್ದರೆಂದು ಜೆನ್ಸನ್ ದಾಖಲಿಸಿದ್ದಾರೆ. ಆದರೆ ದೀಪ ಹೊತ್ತಿದೊಡನೆ ಗುಂಡಿ ಒತ್ತುವಂಥ, ಮನಸ್ಸಿನ ಮೂಲ ವೇಗವನ್ನು ಅಳೆಯುವ ಪರೀಕ್ಷೆಗಳಲ್ಲಿ ಅವರ ಫಲಿತಾಂಶ ಸಾಮಾನ್ಯರದಂತೆಯೇ ಇತ್ತು. ಸಂಖ್ಯೆಗಳೊಡನೆ ಬಾಲ್ಯದಿಂದ ಬೆಳೆದ ಅಪಾರ ಒಡನಾಟ ಸಂಖ್ಯೆಗಳಲ್ಲಿ ಫಲ ಕೊಟ್ಟಿತ್ತು. ಜಗತ್ತೇ ಬೆರಗಾದ ಲೆಕ್ಕದ ವೇಗವೂ ಲೆಕ್ಕದ ಆಚೆಗೆ ದಾಟಿಲ್ಲವೆಂದಾದರೆ, ನಮ್ಮ ನಿಮ್ಮ ಸುಡೊಕು ಸಾಲದ ಟಿಪ್ಪಣಿಗೆ ದಾಟೀತೆಂದು ನಿರೀಕ್ಷಿಸುವುದು ಅತಿಯಾಸೆ.

ಲಂಡನ್ನಿನ ಟ್ಯಾಕ್ಸಿ ಚಾಲಕರ ಅಧ್ಯಯನವನ್ನು ಸವಾಲಿನ ಪರವಾಗಿ ಎಲ್ಲರೂ ಉಲ್ಲೇಖಿಸುತ್ತಾರೆ, ಆದರೆ ಅರ್ಧ ಮಾತ್ರ. ಅಲ್ಲಿ ಪರವಾನಗಿ ಬೇಕಾದವರು ನಗರಮಧ್ಯದ ಚೇರಿಂಗ್ ಕ್ರಾಸಿನಿಂದ ಆರು ಮೈಲಿ ತ್ರಿಜ್ಯದೊಳಗಿರುವ ಸುಮಾರು 25,000 ಬೀದಿಗಳನ್ನು ಮೂರು ನಾಲ್ಕು ವರ್ಷ ಓದಿ ಮನನ ಮಾಡಬೇಕು. ಎಲಿನಾರ್ ಮ್ಯಾಗ್ವೈರ್ ಮತ್ತು ಸಂಗಡಿಗರು, ಈ ಚಾಲಕರ ಮಿದುಳಿನಲ್ಲಿ ದಾರಿಯ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂತುದಿ ಹಿಗ್ಗಿರುವುದನ್ನು 2000ದಲ್ಲಿ ತೋರಿಸಿದರು. ಪರೀಕ್ಷೆಯಲ್ಲಿ ತೇರ್ಗಡೆಯಾದವರಲ್ಲಿ ಮಾತ್ರ ಈ ಬದಲಾವಣೆ ಕಾಣಿಸುತ್ತದೆಂದು 2011ರಲ್ಲಿ ಖಚಿತವಾಯಿತು. ಹೇಳದೆ ಬಿಡುವ ಇನ್ನರ್ಧ ಇದು: ಹೊಸದೊಂದು ಸಂಕೀರ್ಣ ಚಿತ್ರವನ್ನು ನೋಡಿ, ಕೆಲವು ಹೊತ್ತಿನ ನಂತರ ನೆನಪಿನಿಂದ ಬಿಡಿಸುವ ಪರೀಕ್ಷೆಯಲ್ಲಿ ಈ ಚಾಲಕರು ಬಸ್ಸು ಓಡಿಸುವವರಿಗಿಂತ ಹಿಂದಿದ್ದರು. ಒಂದು ಕಡೆಯ ಗಳಿಕೆಗೆ ಇನ್ನೊಂದು ಕಡೆ ಬೆಲೆ ತೆರಬೇಕಾದೀತು ಎಂಬ ಸೂಚನೆ ಇದರಲ್ಲಿದೆ. ಏನನ್ನು ಅಭ್ಯಾಸ ಮಾಡುತ್ತೇವೆ ಎಂಬ ಆಯ್ಕೆ ಹಗುರವಾದುದಲ್ಲ.

ಇನ್ನು ನಿಮ್ಮ ಕೆಲಸಕ್ಕೆ ಬರೋಣ. ಸುತ್ತೋಲೆ ನೆನಪಿನಲ್ಲಿ ನಿಲ್ಲುವುದಿಲ್ಲ ಎಂದಿದ್ದೀರಿ. ಬಹುಶಃ ನೀವು ಅದನ್ನು ಓದುತ್ತೀರಿ, ಮುಖ್ಯ ಸಾಲುಗಳಿಗೆ ಬಣ್ಣ ಹಚ್ಚುತ್ತೀರಿ, ಅಗತ್ಯ ಬಿದ್ದಾಗ ಮತ್ತೆ ಓದುತ್ತೀರಿ. ಹೀಗೆ ಓದುವಾಗ ಎಲ್ಲವೂ ಪರಿಚಿತವೆನ್ನಿಸುತ್ತದೆ; ಆ ಪರಿಚಯವನ್ನೇ ನಾವು ತಿಳಿವಳಿಕೆಯೆಂದು ಭ್ರಮಿಸುತ್ತೇವೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಮಾಡಿದ ಪ್ರಯೋಗದಲ್ಲಿ ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಪಾಠವನ್ನು ನಾಲ್ಕು ಅವಧಿಗಳಲ್ಲಿ ಓದಿದರು. ಇನ್ನೊಂದು ಗುಂಪಿನವರು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪುಸ್ತಕ ಮುಚ್ಚಿ ನೆನಪಾದುದನ್ನೆಲ್ಲ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಓದಿದವರಿಗೆ ನೆನಪಿದ್ದದ್ದು ಶೇಕಡ 40, ಮುಚ್ಚಿಟ್ಟು ಬರೆದವರಿಗೆ ಶೇಕಡ 61. ತಮಗೆ ಚೆನ್ನಾಗಿ ನೆನಪಿರುತ್ತದೆಂದು ಹೆಚ್ಚು ಭರವಸೆಯಿಂದ ಹೇಳಿದ್ದವರು ಮಾತ್ರ ಮೊದಲ ಗುಂಪಿನವರು!

ಆದ್ದರಿಂದ ಸುತ್ತೋಲೆಯನ್ನು ಒಮ್ಮೆ ಗಮನವಿಟ್ಟು ಓದಿ, ಮುಚ್ಚಿ, ಯಾರಿಗೆ ಅನ್ವಯ, ಯಾವ ಮಿತಿ ಬದಲಾಗಿದೆ, ಯಾವ ದಿನಾಂಕದಿಂದ, ಹಳೆಯ ನಿಯಮಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂಬುದನ್ನು ಖಾಲಿ ಹಾಳೆಯಲ್ಲಿ ಬರೆಯಿರಿ. ಬರೆದ ಮೇಲೆ ತೆರೆದು ತಾಳೆ ನೋಡಿ ತಿದ್ದಿಕೊಳ್ಳಿ. ಎರಡು ದಿನ ಬಿಟ್ಟು, ಅನಂತರ ಒಂದು ವಾರ ಬಿಟ್ಟು ಮತ್ತೆ ಹಾಗೆಯೇ ಮಾಡಿ. ಇದು ಹಿತವಾದ ಅಭ್ಯಾಸವಲ್ಲ, ಮೊದಲ ಸಲ ಅರ್ಧ ಹಾಳೆಯೂ ತುಂಬದಿರಬಹುದು. ಆ ತಡಕಾಟವೇ ಇಲ್ಲಿ ಬೇಕಾದ ಸವಾಲು. ರಾಬರ್ಟ್ ಬ್ಯೋರ್ಕ್ ಎಂಬ ಮನೋವಿಜ್ಞಾನಿ ಇಂಥವನ್ನು ‘ಅಪೇಕ್ಷಣೀಯ ಕಷ್ಟಗಳು’ ಎಂದು ಕರೆದರು. ಅಭ್ಯಾಸದ ಹೊತ್ತಿನಲ್ಲಿ ನಮ್ಮನ್ನು ನಿಧಾನಗೊಳಿಸಿ, ಮುಂದೆ ಬೇಕಾದಾಗ ಒದಗಿಬರುವಂಥ ಕಷ್ಟಗಳು ಇವು.

ಟಿಪ್ಪಣಿ ಬರೆಯುವ ವೇಗದ ಪ್ರಶ್ನೆ ಸ್ವಲ್ಪ ಬೇರೆ. ಅಲ್ಲಿ ಹೊತ್ತು ಹೋಗುವುದು ಕೈಬರಹಕ್ಕಲ್ಲ, ತೀರ್ಮಾನಕ್ಕೆ. ಅರ್ಜಿದಾರನ ಲೆಕ್ಕಪತ್ರಗಳಲ್ಲಿ ಯಾವುದು ಮುಖ್ಯ, ಯಾವುದನ್ನು ಅನುಮಾನಿಸಬೇಕು ಎಂಬುದು ಬೇಗ ಕಾಣುವುದು ಅನುಭವಿಗಳಿಗೆ. ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಚದುರಂಗದ ನಿಪುಣರಿಗೆ ನಿಜವಾದ ಆಟದ ಮಣೆಯನ್ನು ಐದು ಸೆಕೆಂಡು ತೋರಿಸಿದಾಗ ಅವರು ಕಾಯಿಗಳ ಸ್ಥಾನವನ್ನು ಹೊಸಬರಿಗಿಂತ ಎಷ್ಟೋ ಚೆನ್ನಾಗಿ ನೆನಪಿನಿಂದ ಜೋಡಿಸಿದರು. ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದಾಗ ಆ ಮೇಲುಗೈ ಇಲ್ಲವಾಯಿತು. ನಿಪುಣರು ಕಾಯಿಗಳನ್ನು ಒಂದೊಂದಾಗಿ ನೋಡದೆ ಪರಿಚಿತ ವಿನ್ಯಾಸಗಳನ್ನು ಗುರುತಿಸುತ್ತಿದ್ದರು. ಸಾಲದ ಕಡತದಲ್ಲಿಯೂ ಇಂಥ ವಿನ್ಯಾಸಗಳಿವೆ. ವಹಿವಾಟು ಏರುತ್ತಿದ್ದರೂ ಖಾತೆಯಲ್ಲಿ ನಗದು ನಿಲ್ಲದಿರುವುದು, ದಾಸ್ತಾನು ವರ್ಷದಿಂದ ವರ್ಷಕ್ಕೆ ಕರಗದಿರುವುದು, ಬಾಕಿದಾರರ ಪಟ್ಟಿ ಉದ್ದವಾಗುವುದು, ಇವನ್ನೆಲ್ಲ ಒಟ್ಟಿಗೆ ಕಾಣುವ ಕಣ್ಣು ಬೇಕು.

ಅದನ್ನು ಬೇಗ ಪಡೆಯುವ ದಾರಿಯೆಂದರೆ ಮೊದಲೇ ಊಹಿಸಿ, ಅನಂತರ ಪರೀಕ್ಷಿಸುವುದು. ಕಡತ ತೆರೆದು ಮುಖ್ಯ ಅಂಕಿಗಳನ್ನಷ್ಟೇ ನೋಡಿ, ‘ಕೊಡಬಹುದು’, ‘ಬೇಡ’, ‘ಇಂಥ ಷರತ್ತಿನ ಮೇಲೆ ಕೊಡಬಹುದು’ ಎಂದು ಒಂದು ಸಾಲು ಬರೆದಿಟ್ಟು, ಕಾರಣವನ್ನೂ ಬರೆಯಿರಿ. ಪೂರ್ಣ ಪರಿಶೀಲನೆ ಮುಗಿದ ಮೇಲೆ ನಿಮ್ಮ ಮೊದಲ ಊಹೆ ಎಲ್ಲಿ ಜಾರಿತು ಎಂದು ನೋಡಿ. ಮಂಜೂರಾತಿಯ ತೀರ್ಮಾನ ಮಾತ್ರ ಎಂದಿನಂತೆ ಪೂರ್ಣ ಪರಿಶೀಲನೆಯ ಮೇಲೆಯೇ ನಿಲ್ಲಬೇಕೆಂದು ಬೇರೆ ಹೇಳಬೇಕಿಲ್ಲ. ಊಹೆ ನಿಮ್ಮ ಖಾಸಗಿ ಪುಸ್ತಕಕ್ಕೆ. ಸಾಲ ಮರುಪಾವತಿಯಾಯಿತೇ ಎಂಬ ಉತ್ತರ ವರ್ಷಗಳ ನಂತರ ಬರುತ್ತದೆ, ಅಷ್ಟರಲ್ಲಿ ವರ್ಗಾವಣೆಯಾಗಿರುತ್ತದೆ. ಆದ್ದರಿಂದಲೇ ಹಳೆಯ, ಮುಗಿದುಹೋದ ಕಡತಗಳು ಒಳ್ಳೆಯ ಪಠ್ಯ. ಶಾಖೆಯಲ್ಲಿ ನೋಡಲು ಅನುಮತಿಯಿರುವ ಹಳೆಯ ಪ್ರಕರಣಗಳಲ್ಲಿ ಫಲಿತಾಂಶದ ಪುಟವನ್ನು ಮುಚ್ಚಿಟ್ಟು ಊಹಿಸಿ ನೋಡಿ.

ಹೀಗೆ ಅಭ್ಯಾಸ ಮಾಡುವಾಗ ಗೃಹಸಾಲದ ಹತ್ತು, ಬೆಳೆಸಾಲದ ಹತ್ತು, ಸಣ್ಣ ಕೈಗಾರಿಕೆಯ ಹತ್ತು ಎಂದು ಗುಂಪು ಮಾಡದೆ ಅವನ್ನು ಬೆರೆಸಿಕೊಳ್ಳಿ. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳನ್ನು ಒಂದು ಗುಂಪಿಗೆ ಬಗೆಬಗೆಯಾಗಿ ವಿಂಗಡಿಸಿ, ಇನ್ನೊಂದಕ್ಕೆ ಬೆರೆಸಿ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ವಿಂಗಡಿಸಿಕೊಂಡವರ ಉತ್ತರಗಳಲ್ಲಿ ಶೇಕಡ 89 ಸರಿ, ಬೆರೆಸಿಕೊಂಡವರದು 60. ಒಂದು ವಾರದ ನಂತರದ ಪರೀಕ್ಷೆಯಲ್ಲಿ ಅದೇ ಕ್ರಮದಲ್ಲಿ 20 ಮತ್ತು 63. ಒಂದೇ ಬಗೆಯ ಲೆಕ್ಕ ಸಾಲಾಗಿ ಬಂದಾಗ ‘ಇದು ಯಾವ ಬಗೆಯದು’ ಎಂದು ಯೋಚಿಸುವ ಕೆಲಸವೇ ತಪ್ಪಿಹೋಗುತ್ತದೆ, ಆದರೆ ಮೇಜಿನ ಮೇಲೆ ಬರುವ ಕಡತಗಳು ವಿಂಗಡಣೆಯಾಗಿ ಬರುವುದಿಲ್ಲವಲ್ಲ.

ಕಾರ್ಯಕ್ಷಮತೆಯ ಇನ್ನೊಂದು ಅಂಶಕ್ಕೆ ಮಿದುಳಿನ ಸಾಮರ್ಥ್ಯಕ್ಕಿಂತ ಕಚೇರಿಯ ವ್ಯವಸ್ಥೆಯೊಡನೆ ಸಂಬಂಧ ಹೆಚ್ಚು. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಭಾಗ ಹಿಂದಿನ ಕೆಲಸಕ್ಕೇ ಅಂಟಿಕೊಂಡಿರುತ್ತದೆಂದು ಸೋಫಿ ಲಿರಾಯ್ 2009ರಲ್ಲಿ ತೋರಿಸಿದರು. ಕೌಂಟರಿನ ಗದ್ದಲ, ದೂರವಾಣಿ, ವಾಟ್ಸಾಪ್ ಗುಂಪಿನ ಸಂದೇಶಗಳ ನಡುವೆ ಟಿಪ್ಪಣಿ ಬರೆಯುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಗ್ರಾಹಕರು ಬರುವ ಮೊದಲು ಮುಕ್ಕಾಲು ಗಂಟೆಯನ್ನು ಟಿಪ್ಪಣಿಗೆಂದೇ ಕಾದಿರಿಸಲು ಸಾಧ್ಯವಾದರೆ ಯಾವ ಆಟವೂ ಕೊಡದ ಲಾಭ ಅದರಿಂದ ಸಿಕ್ಕೀತು. ಸಾಧ್ಯವಾಗದಿದ್ದಾಗ, ಏಳುವ ಮುನ್ನ ‘ಮುಂದೆ ಮಾಡಬೇಕಾದದ್ದು ಇದು’ ಎಂದು ಒಂದು ಸಾಲು ಬರೆದಿಟ್ಟು ಏಳಿ. ಮರಳಿ ಬಂದಾಗ ಎಳೆ ಬೇಗ ಸಿಗುತ್ತದೆ.

ಎಡಗೈಯಲ್ಲಿ ಹಲ್ಲುಜ್ಜುವುದರಿಂದ ಎಡಗೈಗೆ ಹಲ್ಲುಜ್ಜಲು ಬರುತ್ತದೆ. ಅದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ.

ಸೃಜನಶೀಲತೆಯ ವಿಷಯಕ್ಕೆ ಬಂದರೆ, ನಮಗೆ ದೂರದ ಪ್ರಯೋಗಾಲಯಗಳಿಗಿಂತ ಹತ್ತಿರವಾದ ಒಂದು ಮಾದರಿ ಇದೆ, ಅದು ಅವಧಾನ. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು ಅವಧಾನಿಗೆ ಎಂಟು ಬಗೆಯ ತೊಡಕುಗಳನ್ನು ಒಡ್ಡುತ್ತಾರೆ. ದತ್ತಪದಿಯಲ್ಲಿ, ವಿಷಯಕ್ಕೆ ಸಂಬಂಧವೇ ಇಲ್ಲದ ನಾಲ್ಕು ಪದಗಳನ್ನು ಕೊಟ್ಟು ಅವನ್ನು ಬಳಸಿಯೇ ಪದ್ಯ ಹೇಳಬೇಕೆನ್ನುತ್ತಾರೆ. ಸಮಸ್ಯಾಪೂರಣದಲ್ಲಿ ಅಸಂಬದ್ಧವೆನ್ನಿಸುವ ಕೊನೆಯ ಸಾಲನ್ನು ಕೊಟ್ಟು ಉಳಿದ ಸಾಲುಗಳಿಂದ ಅದಕ್ಕೆ ಅರ್ಥ ಬರಿಸೆನ್ನುತ್ತಾರೆ. ನಿಷೇಧಾಕ್ಷರಿಯಲ್ಲಿ ಅವಧಾನಿ ಒಂದೊಂದು ಅಕ್ಷರ ಹೇಳಿದಂತೆಲ್ಲ ಮುಂದೆ ಯಾವ ಅಕ್ಷರ ಬರಕೂಡದೆಂದು ತಡೆಯುತ್ತಾರೆ. ನಡುನಡುವೆ ಅಪ್ರಸ್ತುತ ಪ್ರಸಂಗದವರು ತರಲೆ ಪ್ರಶ್ನೆ ಕೇಳಿ ಏಕಾಗ್ರತೆ ಕದಡುತ್ತಾರೆ. ಕಾಗದ, ಲೇಖನಿ ಇಲ್ಲ. ಒಂದೊಂದು ಸುತ್ತಿಗೆ ಒಂದೊಂದೇ ಪಾದದಂತೆ ಪದ್ಯಗಳು ಬೆಳೆದು, ಕೊನೆಗೆ ಧಾರಣದಲ್ಲಿ ಎಲ್ಲವನ್ನೂ ಪೂರ್ಣವಾಗಿ ಒಪ್ಪಿಸಬೇಕು. ಕನ್ನಡದಲ್ಲಿ ಈ ಕಲೆಗೆ ಮತ್ತೆ ಸಭೆಗಳನ್ನು ದೊರಕಿಸಿಕೊಟ್ಟ ಶತಾವಧಾನಿ ಆರ್. ಗಣೇಶ್ ಅವರು ಸಾವಿರಕ್ಕೂ ಹೆಚ್ಚು ಅವಧಾನಗಳನ್ನು ನಡೆಸಿದ್ದಾರೆ.

ಮಿದುಳಿಗೆ ಇದಕ್ಕಿಂತ ಕಠಿಣವಾದ ಸವಾಲನ್ನು ಕಲ್ಪಿಸುವುದು ಕಷ್ಟ, ಆದರೂ ಇದು ನಡೆಯುವುದು ಬರಿಯ ಚುರುಕುತನದಿಂದಲ್ಲ. ಛಂದಸ್ಸಿನ ಗತಿ ಕಿವಿಯಲ್ಲಿ ಎಷ್ಟು ನೆಲೆಸಿರಬೇಕೆಂದರೆ ಗಣಗಳನ್ನು ಎಣಿಸುವ ಕೆಲಸ ಉಳಿಯಬಾರದು. ಒಂದು ಅಕ್ಷರ ತಡೆದರೆ ಅದೇ ಅರ್ಥದ ಇನ್ನೊಂದು ಪದ ತಟ್ಟನೆ ಒದಗುವಷ್ಟು ಶಬ್ದಸಂಪತ್ತು ಇರಬೇಕು. ಪುರಾಣ, ಕಾವ್ಯಗಳ ಪ್ರಸಂಗಗಳು ನೆನಪಿನಲ್ಲಿ ಸಿದ್ಧವಾಗಿರಬೇಕು. ಓಟಗಾರ ವಿದ್ಯಾರ್ಥಿಯ ಅಂಕಿಗಳಲ್ಲಿ, ಚದುರಂಗದ ನಿಪುಣರ ಮಣೆಯಲ್ಲಿ ಕಂಡದ್ದೇ ಇಲ್ಲಿಯೂ ಇದೆ. ಇಲ್ಲಿ ಇನ್ನೊಂದು ಸಂಗತಿಯೂ ಸ್ಪಷ್ಟವಾಗುತ್ತದೆ: ನಿರ್ಬಂಧ ಹೊಸತನಕ್ಕೆ ಅಡ್ಡಿಯಾಗುವ ಬದಲು ಅದನ್ನು ಹೊರಗೆಳೆಯುತ್ತದೆ. ತಡೆಯಿಲ್ಲದಿದ್ದಾಗ ಮನಸ್ಸು ಸವೆದ ದಾರಿಯನ್ನೇ ಹಿಡಿಯುತ್ತದೆ. ಮೊದಲು ಹೊಳೆದ ಪದವನ್ನು ಪೃಚ್ಛಕರು ತಡೆದಾಗಲೇ ಎರಡನೆಯದು, ಮೂರನೆಯದು ಹುಡುಕಬೇಕಾಗುತ್ತದೆ.

ನಿಮ್ಮ ಕಥೆಗಳಿಗೆ ಇದನ್ನು ಹೀಗೆ ತಂದುಕೊಳ್ಳಬಹುದು. ನಿಂತುಹೋದ ಕಥೆಯೊಂದನ್ನು ತೆಗೆದು, ಅದಕ್ಕೆ ಸಂಬಂಧವಿಲ್ಲದ ನಾಲ್ಕು ವಸ್ತುಗಳನ್ನು ಮನೆಯವರಿಂದ ಹೇಳಿಸಿಕೊಂಡು, ಮುಂದಿನ ಪುಟದಲ್ಲಿ ಅವು ನಾಲ್ಕೂ ಕೆಲಸಕ್ಕೆ ಬರುವಂತೆ ಬರೆಯಿರಿ. ಸುಮ್ಮನೆ ಹೆಸರು ಬಂದರೆ ಸಾಲದು, ಕಥೆ ಅವುಗಳಿಂದ ತಿರುಗಬೇಕು. ಇನ್ನೊಂದು ದಿನ ನಿಷೇಧವನ್ನು ಹಾಕಿಕೊಳ್ಳಿ. ಪಾತ್ರದ ಮನಸ್ಥಿತಿಯನ್ನು ಹೇಳುವ ದುಃಖ, ಸಂತೋಷ, ಕೋಪ, ಬೇಸರ ಎಂಬಂಥ ಒಂದು ಪದವನ್ನೂ ಬಳಸದೆ ಎರಡು ಪುಟ ಬರೆಯಿರಿ. ಕೊನೆಯ ವಾಕ್ಯವನ್ನು ಮೊದಲು ಬರೆದುಕೊಂಡು ಅದಕ್ಕೆ ದಾರಿ ಹುಡುಕುವುದು ಸಮಸ್ಯಾಪೂರಣದ ಗದ್ಯರೂಪ. ಇವುಗಳಲ್ಲಿ ಹೆಚ್ಚಿನವು ಕಸದ ಬುಟ್ಟಿಗೆ ಹೋಗುತ್ತವೆ, ಹೋಗಲಿ. ಸುಡೊಕುವಿಗೆ ಹೋಗುತ್ತಿದ್ದ ಬೆಳಗಿನ ಹೊತ್ತು ಇದಕ್ಕೆ ಸಾಕು. ಸುತ್ತೋಲೆ ಮತ್ತು ಹಳೆಯ ಕಡತಗಳ ಅಭ್ಯಾಸವನ್ನು ವಾರದ ಬೇರೆ ದಿನಗಳಿಗೆ ಹಂಚಿಕೊಳ್ಳಿ.

ಕಥೆ ಅರ್ಧಕ್ಕೆ ನಿಂತಾಗ ಬಿಟ್ಟು ಏಳುವುದೂ ತಪ್ಪಲ್ಲ, ಆದರೆ ಯಾವಾಗ ಏಳಬೇಕೆಂಬುದು ಮುಖ್ಯ. ಫ್ರೆಂಚ್ ಗಣಿತಜ್ಞ ಆನ್ರಿ ಪ್ವಾಂಕರೆ, ಹದಿನೈದು ದಿನ ಮೇಜಿನ ಮುಂದೆ ಹೆಣಗಿದ ಒಂದು ವಿಷಯದ ಬಗ್ಗೆ, ಆಮೇಲೊಮ್ಮೆ ಪ್ರವಾಸದಲ್ಲಿ ಬಂಡಿಯ ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣದಲ್ಲಿ ಮುಖ್ಯ ಹೊಳಹು ಸಿಕ್ಕಿತೆಂದು ಬರೆದಿದ್ದಾನೆ. ಜನ ಬಂಡಿಯ ಮೆಟ್ಟಿಲನ್ನು ನೆನಪಿಡುತ್ತಾರೆ, ಹದಿನೈದು ದಿನಗಳನ್ನು ಮರೆಯುತ್ತಾರೆ. ಈ ಬಗೆಯ ವಿರಾಮದ ಬಗ್ಗೆ ನಡೆದ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು 2009ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗಲೂ, ವಿರಾಮದಿಂದ ಲಾಭವಿದೆ, ಅದಕ್ಕೆ ಮುಂಚಿನ ಹೆಣಗಾಟ ದೀರ್ಘವಾಗಿದ್ದಷ್ಟೂ ಆ ಲಾಭ ಹೆಚ್ಚು ಎಂದು ಕಂಡುಬಂತು. ಬಿಡುವಿನಲ್ಲಿ ನಡೆಯುವುದು ಒಳ್ಳೆಯದು. ಸ್ಟ್ಯಾನ್‌ಫರ್ಡಿನ ಮ್ಯಾರಿಲಿ ಒಪೆಜೊ ಮತ್ತು ಡ್ಯಾನಿಯಲ್ ಶ್ವಾರ್ಟ್ಸ್ 2014ರಲ್ಲಿ ತೋರಿಸಿದಂತೆ, ಒಂದು ವಸ್ತುವಿಗೆ ಬಗೆಬಗೆಯ ಹೊಸ ಉಪಯೋಗಗಳನ್ನು ಯೋಚಿಸುವ ಪರೀಕ್ಷೆಯಲ್ಲಿ ಕುಳಿತವರಿಗಿಂತ ನಡೆಯುತ್ತಿರುವವರು ಮುಂದಿದ್ದರು. ಒಂದೇ ಸರಿಯುತ್ತರವಿರುವ ಪ್ರಶ್ನೆಗಳಲ್ಲಿ ನಡಿಗೆಯಿಂದ ಆ ಲಾಭ ಕಾಣಲಿಲ್ಲ. ಆದ್ದರಿಂದ ಕಥೆಯ ತಿರುವು ಹುಡುಕುವಾಗ ನಡೆಯಿರಿ. ಬಡ್ಡಿಯ ಲೆಕ್ಕ ಹಾಕುವಾಗ ಕುಳಿತಿರಿ.

ಸುಡೊಕು ಪೂರಾ ಬಿಡಬೇಕೇ? ಖುಷಿ ಕೊಡುವುದಾದರೆ ಬಸ್ಸಿನಲ್ಲಿ ಆಡಿ; ಅದು ಆಟವಾಗಿ ಒಳ್ಳೆಯ ಆಟ.

ಕೊನೆಯದಾಗಿ ನಿಮ್ಮ ತಂದೆಯವರ ವಿಷಯ. ವಯಸ್ಸಾದವರಲ್ಲಿ ಚಿತ್ರ ಸ್ವಲ್ಪ ಭಿನ್ನವಾಗಿದೆ. ಅಮೆರಿಕದಲ್ಲಿ 65 ದಾಟಿದ 2,832 ಜನರ ಮೇಲೆ ನಡೆದ ‘ಆ್ಯಕ್ಟಿವ್’ ಎಂಬ ಅಧ್ಯಯನದಲ್ಲಿ ತರ್ಕ ಮತ್ತು ಗ್ರಹಿಕೆಯ ವೇಗದ ತರಬೇತಿ ಪಡೆದವರಿಗೆ, ತರಬೇತಿ ಪಡೆದ ಆಯಾ ಕೌಶಲದಲ್ಲಿ, ಹತ್ತು ವರ್ಷಗಳ ನಂತರವೂ ಸ್ವಲ್ಪ ಲಾಭ ಉಳಿದಿತ್ತು. ಆದ್ದರಿಂದ ಅವರಿಗೆ ಆಟಗಳಿಂದ ಏನೂ ಆಗದೆಂದು ನಾನು ಹೇಳಲಾರೆ. ಆದರೂ ನನ್ನ ಆಯ್ಕೆ ಬೇರೆ. ಡೆನಿಸ್ ಪಾರ್ಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 60 ದಾಟಿದವರಲ್ಲಿ ಕೆಲವರು ಮೂರು ತಿಂಗಳು, ವಾರಕ್ಕೆ ಸುಮಾರು 15 ಗಂಟೆಯಂತೆ, ತಮಗೆ ಬಾರದಿದ್ದ ಡಿಜಿಟಲ್ ಛಾಯಾಗ್ರಹಣವನ್ನೋ ಬಟ್ಟೆ ತುಂಡುಗಳ ಹೊದಿಕೆ ಹೊಲಿಯುವುದನ್ನೋ ಕಲಿತರು. ಕೆಲವರು ಹರಟೆ, ಪ್ರವಾಸಗಳಲ್ಲಿ ಜೊತೆಗೂಡಿದರು. ಇನ್ನು ಕೆಲವರು ಮನೆಯಲ್ಲಿ ಹಗುರ ಚಟುವಟಿಕೆಗಳಲ್ಲಿ ತೊಡಗಿದರು. ನಡೆದ ಸಂಗತಿಗಳನ್ನು ನೆನಪಿಡುವ ಶಕ್ತಿ ಸುಧಾರಿಸಿದ್ದು ಹೊಸದನ್ನು ಕಲಿತವರಲ್ಲಿ. ನಿಮ್ಮ ತಂದೆಯವರು ಹಾರ್ಮೋನಿಯಂ ಕಲಿಯಲಿ, ಊರಿನ ದೇವಸ್ಥಾನದ ಶಾಸನ ಓದಲು ಹಳಗನ್ನಡ ಲಿಪಿ ಕಲಿಯಲಿ, ಮೊಮ್ಮಕ್ಕಳಿಂದ ಕ್ಯಾಮೆರಾ ಹಿಡಿಯುವುದನ್ನು ಕಲಿಯಲಿ. ಅವರಿಗೆ ಆಸಕ್ತಿಯಿರಬೇಕು, ಸುಲಭವಾಗಿ ಮುಗಿದುಹೋಗಬಾರದು, ಅಷ್ಟೆ.

ಅದಕ್ಕಿಂತ ಮೊದಲು ಒಂದು ಕೆಲಸ ಮಾಡಿ. ಅವರು ಟಿವಿಯ ಸದ್ದು ಏರಿಸುತ್ತಿದ್ದರೆ, ಮಾತನ್ನು ಎರಡೆರಡು ಸಲ ಹೇಳಿಸಿಕೊಳ್ಳುತ್ತಿದ್ದರೆ ಕಿವಿಯ ಪರೀಕ್ಷೆ ಮಾಡಿಸಿ. ಚಿಕಿತ್ಸೆ ಪಡೆಯದ ಕಿವುಡು ಮತ್ತು ಹತೋಟಿಯಿಲ್ಲದ ರಕ್ತದೊತ್ತಡ, ಇವೆರಡನ್ನೂ ಮರೆವಿನ ಕಾಯಿಲೆಯ ತಗ್ಗಿಸಬಹುದಾದ ಅಪಾಯಗಳೆಂದು ‘ಲ್ಯಾನ್ಸೆಟ್’ ಪತ್ರಿಕೆಯ ತಜ್ಞರ ಆಯೋಗ ಗುರುತಿಸಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆಯೂ ಶ್ರವಣ ಸಾಧನದ ಆಯ್ಕೆಗೆ ಮಾರ್ಗದರ್ಶನವೂ ದೊರೆಯುತ್ತವೆ. ಅಷ್ಟು ದೂರ ಹೋಗಲಾಗದಿದ್ದರೆ ಜಿಲ್ಲಾ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ಮೊದಲು ವಿಚಾರಿಸಿ.